ಕೈಯೂರದೆ ಕುರ್ಚಿಯಿಂದ ಏಳಲು: ಅರವತ್ತು ದಾಟಿದವರಿಗೆ ಜಗಲಿ ವ್ಯಾಯಾಮ

ಶಿರಸಿ ಕಡೆ ಹಿರಿಯರ ಹತ್ತಿರ ವ್ಯಾಯಾಮದ ಮಾತೆತ್ತಿದರೆ ಉತ್ತರ ಸಿದ್ಧ: ‘ದಿನಾ ತೋಟಕ್ಕೆ ಇಳಿದು ಹತ್ತುತ್ತೇನೆ, ಮತ್ತೆಂಥ ಬೇಕು?’ ಒಳ್ಳೆಯದೇ. ಆದರೆ ಮಳೆ ಹಿಡಿದರೆ ಅಂಗಳವೆಲ್ಲ ಪಾಚಿ, ಮೂರು ತಿಂಗಳು ಜಗಲಿಯೇ ಗತಿ. ಚೌತಿ ಹೊತ್ತಿಗೆ ಮಣೆಯಿಂದ ಏಳಲು ಗೋಡೆ ಬೇಕಾಗುತ್ತದೆ. ವಯಸ್ಸಾದಂತೆ ಸ್ನಾಯು ಹೇಗೂ ಕರಗುತ್ತದೆ, ಕೂತಲ್ಲೇ ಕೂತರೆ ಇನ್ನೂ ಬೇಗ. ಇದಕ್ಕೆ ನಡಿಗೆಯೊಂದೇ ಸಾಲದು. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ನಡಿಗೆಯಂಥ ಚಟುವಟಿಕೆಯ ಜೊತೆ ಎರಡು ದಿನ ಸ್ನಾಯು ಬಲದ, ಮೂರು ದಿನ ಸಮತೋಲನದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ.

ಮೊದಲು ಬಲ ಅಳೆಯಿರಿ. ಸುಮಾರು 17 ಇಂಚು ಎತ್ತರದ, ಕೈಯಿಲ್ಲದ ಮರದ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಪ್ಲಾಸ್ಟಿಕ್ ಕುರ್ಚಿ ನುಣುಪು ನೆಲದಲ್ಲಿ ಜಾರುತ್ತದೆ, ಬೇಡ. ಕೈಗಳನ್ನು ಎದೆಯ ಮೇಲೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 65ರಿಂದ 74ರವರೆಗಿನ ಗಂಡಸರಿಗೆ 12, 65ರಿಂದ 69ರವರೆಗಿನ ಹೆಂಗಸರಿಗೆ 11, 70ರಿಂದ 74ರವರೆಗಿನ ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಕುಂದಿದೆ ಎಂದರ್ಥ.

ಇದೇ ಮುಖ್ಯ ವ್ಯಾಯಾಮವೂ ಹೌದು. ಕುರ್ಚಿಯ ಮುಂದಿನ ಅರ್ಧಕ್ಕೆ ಸರಿದು, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕಿಡಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಿ, ಉಸಿರು ಬಿಡುತ್ತ ಏಳಿ. ಉಸಿರು ಕಟ್ಟಿ ಮುಕ್ಕಿದರೆ ಬಿಪಿ ಒಮ್ಮೆಲೇ ಏರುತ್ತದೆ. ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತ ನಿಧಾನವಾಗಿ ಇಳಿಯಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಧೊಪ್ಪನೆ ಕೂತರೆ ತೊಡೆಗೆ ಕೆಲಸವೇ ಇಲ್ಲ, ಬೆನ್ನಿಗೆ ಮಾತ್ರ ಪೆಟ್ಟು. ಮಂಡಿಗಳು ಒಳಕ್ಕೆ ವಾಲಬಾರದು. ನೋವಾದರೆ ಕಂಬಳಿ ಮಡಚಿ ಹಾಕಿ ಕುರ್ಚಿ ಎತ್ತರಿಸಿ. ಎಂಟೆಂಟರಂತೆ ಎರಡು ಸುತ್ತು, ನಡುವೆ ಎರಡು ನಿಮಿಷ ವಿಶ್ರಾಂತಿ. ಮಾರನೇ ದಿನ ಕಾಲಿಗೆ ಬಿಡುವು. ಕೊನೆಯ ಎರಡು ಸಲ ಕಷ್ಟವೆನಿಸಬೇಕು. ಹನ್ನೆರಡು ಸಲೀಸಾದಾಗ ಲೀಟರಿನ ನೀರಿನ ಬಾಟಲಿ ಎದೆಗೆ ಹಿಡಿಯಿರಿ, ಅದು ಒಂದು ಕಿಲೋ. ಒಣ ಮರಳು ತುಂಬಿದರೆ ಸುಮಾರು ಒಂದೂವರೆ.

ಆಮೇಲೆ ಗೋಡೆಗೆ ಅಂಗೈಯೂರಿ ಮೈಯನ್ನು ಹತ್ತು ಸಲ ಹಿಂದಕ್ಕೆ ತಳ್ಳಿ. ಜಗಲಿ ಕಂಬ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಅಲ್ಲೇ ಒಂದು ಪಾದದ ಮುಂದೆ ಇನ್ನೊಂದನ್ನು ತಾಗಿಸಿ, ಕಂಬ ಕೈಗೆಟಕುವಂತೆ ಹತ್ತು ಸೆಕೆಂಡು ನಿಲ್ಲಿ.

ಸ್ನಾಯು ಎರಡು ದಿನ ನೊಂದರೆ ಹೆದರಬೇಡಿ. ಕೀಲು ನೊಂದರೆ ಭಾರ ಇಳಿಸಿ. ಎದೆ ಬಿಗಿದರೆ, ತಲೆ ತಿರುಗಿದರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಹರ್ನಿಯಾ, ಹತೋಟಿಗೆ ಬಾರದ ಬಿಪಿ, ಈಚೆಗೆ ಕಣ್ಣಿನ ಆಪರೇಷನ್ ಆದವರು ಮೊದಲೇ ಕೇಳಿಕೊಳ್ಳಿ.

ಗಂಜಿ-ಉಪ್ಪಿನಕಾಯಿಯಿಂದ ಸ್ನಾಯು ಕಟ್ಟದು. 60 ಕಿಲೋ ತೂಕದವರಿಗೆ ದಿನಕ್ಕೆ 60–70 ಗ್ರಾಂ ಪ್ರೋಟೀನ್ ಬೇಕು. ಕಿಡ್ನಿ ತೊಂದರೆಯಿದ್ದರೆ ವೈದ್ಯರು ಹೇಳಿದಷ್ಟು. ಕರಾವಳಿಯವರಿಗೆ ಬಂಗಡೆಯಿದೆ. ಘಟ್ಟದ ಮೇಲಿನ ಸಸ್ಯಾಹಾರಿಗಳು ಹೆಸರುಕಾಳು, ಕಡಲೆ, ಗಟ್ಟಿ ಮೊಸರು ಹೆಚ್ಚಿಸಲಿ. ತಂಬುಳಿಯಲ್ಲಿ ಪ್ರೋಟೀನ್ ಹುಡುಕಬೇಡಿ.

ಕಾರವಾರದ ಕಡಲತೀರದಲ್ಲಿ ನಡೆಯುವವರು ಒಣ ಮರಳು ಬಿಟ್ಟು ನೀರಂಚಿನ ಗಟ್ಟಿ ಮರಳು ಹಿಡಿಯಿರಿ. ಅಲ್ಲಿ ಇಳಿಜಾರಿರುವುದರಿಂದ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ. ಹೋದಷ್ಟೇ ದೂರ ಅದೇ ದಾರಿಯಲ್ಲಿ ಮರಳಿ ಬನ್ನಿ.