ಎರಡು ಸಲ ಹರಿದ ಹ್ಯಾಮ್‌ಸ್ಟ್ರಿಂಗ್, 27 ದಿನದ ಕಸರತ್ತು

ಮಂಡ್ಯ ಕಡೆ ಹೊನಲು ಬೆಳಕಿನ ಕಬಡ್ಡಿ ಅಂದ್ರೆ ಊರಿಗೆ ಊರೇ ಸೇರುತ್ತದೆ. ನಾನು ನಮ್ಮೂರ ತಂಡದ ರೈಡರ್. ನನ್ನ ಎಡತೊಡೆಯ ಹಿಂಭಾಗದ ಸ್ನಾಯು, ಅಂದ್ರೆ ಹ್ಯಾಮ್‌ಸ್ಟ್ರಿಂಗ್, ಎರಡು ಸಲ ಹರಿದಿದೆ. ಎರಡು ಸಲವೂ ಒಂದೇ ರೀತಿ. ಬೋನಸ್ ಗೆರೆ ದಾಟಿ ಕಾಲು ಚಾಚಿದೆ, ತಿರುಗಿ ನಡುಗೆರೆ ಕಡೆ ನುಗ್ಗಿದೆ, ತೊಡೆಯಲ್ಲಿ ಟಪ್ ಅಂತು. ಮೊದಲ ಸಲ ಐದು ವಾರ ಮನೆಯಲ್ಲಿ ಕೂತೆ. ನೋವು ಹೋಯಿತು, ವಾಪಸ್ ಆಡಿದೆ. ಮೂರು ತಿಂಗಳೂ ಕಳೆದಿರಲಿಲ್ಲ, ಅದೇ ಜಾಗದಲ್ಲಿ ಮತ್ತೆ ಹರಿಯಿತು.

ನೋವು ಹೋದರೆ ವಾಸಿಯಾದಂತೆ ಅಂತ ನಾನು ನಂಬಿದ್ದೆ. ದಿನಾ ಸ್ಟ್ರೆಚ್ ಮಾಡುತ್ತಿದ್ದೆ, ಎಣ್ಣೆ ಹಚ್ಚಿ ನೀವಿಸಿಕೊಳ್ಳುತ್ತಿದ್ದೆ, ಬಿಸಿನೀರು ಹಾಕುತ್ತಿದ್ದೆ. ಎರಡನೇ ಸಲ ಫಿಸಿಯೋ ಒಬ್ಬರು ಕಾರಣ ಬಿಡಿಸಿ ಹೇಳಿದರು. ಜೋರಾಗಿ ಓಡುವಾಗ ಮೊಣಕಾಲಿನ ಕೆಳಭಾಗ ಮುಂದಕ್ಕೆ ಬೀಸಿಕೊಂಡು ಹೋಗುತ್ತದೆ. ಅದಕ್ಕೆ ಬ್ರೇಕ್ ಹಾಕುವುದು ಹ್ಯಾಮ್‌ಸ್ಟ್ರಿಂಗ್. ಅದು ಉದ್ದವಾಗುತ್ತಲೇ ಬಿಗಿ ಹಿಡಿಯಬೇಕು, ಹಗ್ಗ ಬಿಡುತ್ತಾ ಬಿಡುತ್ತಾ ಬಾವಿಗೆ ಕೊಡ ಇಳಿಸುವ ಹಾಗೆ. ನಾನು ಆ ಬಲವನ್ನು ಬೆಳೆಸಿಯೇ ಇರಲಿಲ್ಲ. ಜಿಮ್ಮಿಗೆ ಹೋದಾಗಲೆಲ್ಲ ತೊಡೆಯ ಮುಂಭಾಗಕ್ಕೇ ಕಸರತ್ತು ಮಾಡಿದ್ದೆ.

ಅವರು ಹೇಳಿಕೊಟ್ಟಿದ್ದು ನಾರ್ಡಿಕ್ ಕಸರತ್ತು. ಜಿಮ್ ಬೇಡ, ದುಡ್ಡು ಬೇಡ. ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಮಂಡಿಯೂರುತ್ತೇನೆ. ಹಿಂದೆ ನನ್ನ ತಮ್ಮ ಕೂತು ಎರಡೂ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತಾನೆ. ಮಂಡಿಯಿಂದ ತಲೆಯವರೆಗೆ ಮೈ ಒಂದೇ ನೇರ. ಹಾಗೇ ಮುಂದಕ್ಕೆ ಬಾಗುತ್ತಾ, ಎಷ್ಟು ನಿಧಾನ ಸಾಧ್ಯವೋ ಅಷ್ಟು ನಿಧಾನ ಇಳಿಯಬೇಕು. ಒಂದು ಹಂತದಲ್ಲಿ ತೊಡೆ ನಡುಗುತ್ತದೆ, ಹಿಡಿತ ತಪ್ಪುತ್ತದೆ. ಆಗ ಅಂಗೈ ನೆಲಕ್ಕೆ ಕೊಟ್ಟು, ಕೈಯಿಂದಲೇ ತಳ್ಳಿ ಮೇಲೆ ಬರಬೇಕು. ಸೊಂಟ ಹಿಂದಕ್ಕೆ ಮಡಚಿದರೆ ಸುಲಭ ಅನ್ನಿಸುತ್ತದೆ, ಆದರೆ ಕೆಲಸ ತಪ್ಪಿಹೋಗುತ್ತದೆ. ಮೊದಲ ದಿನ ನಾನು ಪ್ರತಿ ಸಲವೂ ಒಂದು ಗೇಣು ಬಾಗುವಷ್ಟರಲ್ಲಿ ಕೆಳಗೆ ಬಿದ್ದೆ. ಹತ್ತು ಸಲ ಆದ ಮೇಲೆ "ಅಣ್ಣ, ಇವತ್ತಿಗೆ ಸಾಕು ಬಿಡು" ಅಂದ ತಮ್ಮ. ಸಾಕು ಅಂತಲೇ ಬಿಟ್ಟೆ, ಯಾಕಂದ್ರೆ ಮೊದಲ ವಾರದ ಲೆಕ್ಕ ಇದ್ದದ್ದೇ ಅಷ್ಟು.

ಈ ಲೆಕ್ಕ ಡೆನ್ಮಾರ್ಕಿನ ಸಂಶೋಧನೆಯದ್ದು, 2011ರಲ್ಲಿ ಪ್ರಕಟವಾಯಿತು. ಅಲ್ಲಿ 942 ಫುಟ್‌ಬಾಲ್ ಆಟಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಮಾಮೂಲಿ ಅಭ್ಯಾಸದ ಜೊತೆ ಇದನ್ನೂ ಮಾಡಿತು, ಇನ್ನೊಂದು ಮಾಡಲಿಲ್ಲ. ಮಾಡದವರಲ್ಲಿ 52 ಹ್ಯಾಮ್‌ಸ್ಟ್ರಿಂಗ್ ಗಾಯ, ಮಾಡಿದವರಲ್ಲಿ 15. ಮೊದಲೇ ಗಾಯ ಆಗಿದ್ದವರಿಗಂತೂ ಲಾಭ ಇನ್ನೂ ಜಾಸ್ತಿ. ಅದನ್ನು ಕೇಳಿದ ಮೇಲೆ ನಾನು ಹಿಂದೆಮುಂದೆ ನೋಡಲಿಲ್ಲ.

ಮೊದಲ ವಾರ ಒಂದೇ ದಿನ, ಐದೈದರಂತೆ ಎರಡು ಸುತ್ತು. ಎರಡನೇ ವಾರ ಎರಡು ದಿನ, ಆರಾರರಂತೆ ಎರಡು ಸುತ್ತು. ಮೂರನೇ ವಾರದಿಂದ ವಾರಕ್ಕೆ ಮೂರು ದಿನ, ಮೂರು ಸುತ್ತು. ಐದನೇ ವಾರದಿಂದ ಆ ಮೂರು ಸುತ್ತಿನಲ್ಲಿ 12, 10, 8 ಸಲ. ಹತ್ತು ವಾರಕ್ಕೆ ಒಟ್ಟು 27 ದಿನ ಆಯಿತು. ಕೇಳಿದವರೆಲ್ಲ "ಇಷ್ಟೇನಾ?" ಅಂದರು. ನಮ್ಮ ಹುಡುಗರು ಮೊದಲ ದಿನವೇ ಮೂವತ್ತು ಮಾಡಿ, ಮಾರನೇ ದಿನ ಮೆಟ್ಟಿಲು ಹತ್ತಲಾಗದೆ, ಮೂರನೇ ದಿನ ಬಿಟ್ಟೇ ಬಿಡುತ್ತಾರೆ. ಬಿಗಿ ಹಿಡಿದು ಇಳಿಸುವ ಕಸರತ್ತಿನಲ್ಲಿ ಮೈಕೈ ನೋವು ಜಾಸ್ತಿ, ಅದೂ ಒಂದೆರಡು ದಿನ ಬಿಟ್ಟು ಏರುತ್ತದೆ. ಆದರೆ ಸ್ನಾಯು ಒಂದು ಸಲ ಅದನ್ನು ಕಂಡರೆ ಸಾಕು, ಮುಂದಿನ ಸಲ ನೋವು ತುಂಬಾ ಕಮ್ಮಿ. ಅದಕ್ಕೇ ಸಣ್ಣದಾಗಿ ಶುರು ಮಾಡಬೇಕು. ನನಗೂ ಮೊದಲ ವಾರ ಕೂತು ಏಳುವಾಗ ಹಿಡಿಯುತ್ತಿತ್ತು. ನಾಲ್ಕನೇ ವಾರಕ್ಕೆ ಏನೂ ಇರಲಿಲ್ಲ.

ಒಂದು ಎಚ್ಚರ. ಗಾಯ ಹಸಿಯಾಗಿದ್ದಾಗ ಇದಕ್ಕೆ ಕೈ ಹಾಕಬೇಡಿ. ನಾನು ನೋವಿಲ್ಲದೆ ಓಡುವಂತಾದ ಮೇಲೆ, ಫಿಸಿಯೋ ಪರೀಕ್ಷೆ ಮಾಡಿ ಸರಿ ಅಂದ ಮೇಲೆ ಶುರು ಮಾಡಿದ್ದು.

ನನಗೆ ಕಸರತ್ತಿಗಿಂತ ಕಷ್ಟವಾಗಿದ್ದು ನಿದ್ದೆ. ಬೆಳಿಗ್ಗೆ ಐದೂವರೆಗೆ ಡೇರಿಯಲ್ಲಿ ಹಾಲು ಅಳೆಯಬೇಕು, ರಾತ್ರಿ ಅಭ್ಯಾಸ ಮುಗಿಯುವುದು ಒಂಬತ್ತಕ್ಕೆ. ಐದು ಗಂಟೆ ಮಲಗಿದರೆ ಹೆಚ್ಚು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರು ಕೆಲವು ವಾರ ದಿನಕ್ಕೆ ಹತ್ತು ಗಂಟೆ ಹಾಸಿಗೆಯಲ್ಲಿ ಇರಲು ನೋಡಿದರು. ಅವರ ಓಟದ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿಯಿತು. ಆ ಪರೀಕ್ಷೆಯಲ್ಲಿ ಇದ್ದದ್ದು 11 ಜನ ಮಾತ್ರ, ಹೋಲಿಸಲು ಬೇರೆ ಗುಂಪೂ ಇರಲಿಲ್ಲ. ಆದರೂ ನನಗೆ ಅದು ಸಾಕಾಯಿತು. ಹತ್ತು ಗಂಟೆ ನನ್ನ ಕೈಲಿ ಆಗದು. ಅಭ್ಯಾಸವನ್ನು ಸಂಜೆ ಆರಕ್ಕೇ ತಂದೆವು, ಹತ್ತರೊಳಗೆ ದೀಪ ಆರಿಸಿದೆ, ಮಧ್ಯಾಹ್ನ ಊಟ ಆದ ಮೇಲೆ ಮುಕ್ಕಾಲು ಗಂಟೆ ಮಲಗಿದೆ. ಮೂರನೇ ವಾರಕ್ಕೇ ಕಾಲು ಹಗುರಾಗಿದ್ದು ಗೊತ್ತಾಯಿತು.

ಊಟ ಬಹಳ ಬದಲಾಗಲಿಲ್ಲ. ಬಲ ಬೆಳೆಸುವವರಿಗೆ ದಿನಕ್ಕೆ, ಮೈತೂಕದ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಅಂತ ಸಂಶೋಧನೆ ಹೇಳುತ್ತದೆ. ನಾನು 70 ಕಿಲೋ, ಅಂದ್ರೆ 112 ಗ್ರಾಂ. ಮುದ್ದೆ, ಸೊಪ್ಪಿನ ಸಾರಿನಿಂದ ಅಷ್ಟು ಬರಲ್ಲ. ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು, ಒಂದು ಹಿಡಿ ಕಡಲೆಕಾಯಿ, ಸಾರಿಗೆ ಹುರುಳಿಕಾಳು ಇಲ್ಲವೇ ಸೋಯಾ ಸೇರಿಸಿದೆ. ಪುಡಿ ಡಬ್ಬಿ ಕೊಳ್ಳಲಿಲ್ಲ.

ಐಸ್ ನೀರಿನ ತೊಟ್ಟಿ ಬಗ್ಗೆಯೂ ಹೇಳಲೇಬೇಕು. ಟಿವಿಯಲ್ಲಿ ನೋಡಿ ನಮ್ಮ ಹುಡುಗರು ಡ್ರಮ್ಮಿಗೆ ಐಸ್ ತುಂಬಿಸುತ್ತಿದ್ದರು. 2015ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು 12 ವಾರ ಪರೀಕ್ಷಿಸಿದರು. ಪ್ರತಿ ಬಲ ತರಬೇತಿ ಆದ ಕೂಡಲೇ 10 ಡಿಗ್ರಿ ನೀರಲ್ಲಿ 10 ನಿಮಿಷ ಕೂತವರಿಗೆ ಸ್ನಾಯುವೂ ಬಲವೂ ಕಮ್ಮಿ ಬೆಳೆಯಿತು. ಕಸರತ್ತು ಮಾಡಿ ಗಳಿಸಿದ್ದನ್ನು ಡ್ರಮ್ಮಿನಲ್ಲಿ ಕಳೆಯುವುದು ಬೇಡ ಅಂತ ಆ ದಿನಗಳಲ್ಲಿ ನಾನು ತಣ್ಣೀರಿಗೆ ಇಳಿಯಲ್ಲ. ಒಂದೇ ರಾತ್ರಿ ಮೂರು ಪಂದ್ಯ ಇದ್ದರೆ ಮಾತ್ರ ಬೋರ್‌ವೆಲ್ ನೀರಲ್ಲಿ ಕಾಲು ಇಳಿಬಿಡುತ್ತೇನೆ. ಅವತ್ತು ಬೇಕಿರುವುದು ನೋವು ತಗ್ಗುವುದು ಅಷ್ಟೇ ಅಲ್ವಾ.

ಹತ್ತು ವಾರ ಮುಗಿದ ಮೇಲೆ ನಾನು ಮುಕ್ಕಾಲು ದಾರಿಯವರೆಗೂ ಹಿಡಿದು ಇಳಿಯುತ್ತಿದ್ದೆ. ಮೊದಲ ಪಂದ್ಯದಲ್ಲಿ ಎಡಗಾಲು ಬೋನಸ್ ಗೆರೆ ಆಚೆ ಇಟ್ಟಾಗ ಎದೆ ಡವಗುಟ್ಟಿತು. ತಿರುಗಿದೆ, ಓಡಿದೆ, ಗೆರೆ ಮುಟ್ಟಿದೆ. ಅದಾಗಿ ಎರಡು ಸೀಸನ್ ಕಳೆದಿವೆ, ತೊಡೆ ಮತ್ತೆ ಹರಿದಿಲ್ಲ. ವಾರಕ್ಕೊಂದು ದಿನ ಈಗಲೂ ಬಿಟ್ಟಿಲ್ಲ. ಸೋಮವಾರ ಅಭ್ಯಾಸ ಮುಗಿದ ಮೇಲೆ ಗೋಣಿಚೀಲ ಹಾಸುತ್ತೇವೆ, ಜೋಡಿ ಜೋಡಿಯಾಗಿ ಒಬ್ಬರ ಹಿಮ್ಮಡಿ ಒಬ್ಬರು ಹಿಡಿಯುತ್ತೇವೆ. ತಮ್ಮನೂ ಈಗ ಮಾಡುತ್ತಾನೆ, ಅವನ ಹಿಮ್ಮಡಿ ಹಿಡಿಯುವುದು ನಾನು.