ಆಟೋ ಮೀಟರಿನಲ್ಲಿ ಸಾಮಾನ್ಯ ವ್ಯತ್ಯಾಸ

ನಾನು ಬೆಂಗಳೂರಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಸಮಾಂತರ ಶ್ರೇಢಿಗೆ, ಅಂದರೆ ಪ್ರತಿ ಹೆಜ್ಜೆಗೂ ಒಂದೇ ಅಳತೆಯಲ್ಲಿ ಏರುವ ಅಥವಾ ಇಳಿಯುವ ಸಂಖ್ಯೆಗಳ ಸಾಲಿಗೆ ಬಂದಾಗ ಮೊದಲು ಸೂತ್ರ ಬರೆಯುವುದಿಲ್ಲ, ಆಟೋ ದರ ಬರೆಯುತ್ತೇನೆ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಮೀಟರ್ ಹಾಕಿದರೆ ತಾನೆ ಅಂತ ಒಬ್ಬರಾದರೂ ನಗುತ್ತಾರೆ.

ಒಂದು, ಎರಡು, ಮೂರು, ನಾಲ್ಕು ಕಿ.ಮೀ.ಗೆ ಎಷ್ಟು? 36, 36, 54, 72. ಇದು ಸಮಾಂತರ ಶ್ರೇಢಿನಾ? ಮೊದಲ ಜೋಡಿ ಕಳೆದವರು ವ್ಯತ್ಯಾಸ ಸೊನ್ನೆ ಅನ್ನುತ್ತಾರೆ. ಮುಂದಿನ ಜೋಡಿ ನೋಡಿದವರು 18 ಅನ್ನುತ್ತಾರೆ. ಜಗಳ ಶುರು. ನನಗೆ ಬೇಕಾದದ್ದೂ ಅದೇ. ಎಲ್ಲ ಜೋಡಿಯಲ್ಲೂ ಒಂದೇ ಉತ್ತರ ಬಂದರೆ ಮಾತ್ರ ಅದು ಸಾಮಾನ್ಯ ವ್ಯತ್ಯಾಸ, ಅಲ್ವಾ? 2 ಕಿ.ಮೀ.ಯಿಂದ ಶುರು ಮಾಡಿದರೆ 36, 54, 72, 90. ಈಗ ಸರಿ, ಡಿ ಅಂದರೆ ಸಾಮಾನ್ಯ ವ್ಯತ್ಯಾಸದ ಬೆಲೆ 18.

ಆಮೇಲೆ ದರ ಅಳಿಸಿಬಿಡುತ್ತೇನೆ. 5 ಕಿ.ಮೀ.ಗೆ 90, 9 ಕಿ.ಮೀ.ಗೆ 162 ಅಂತಷ್ಟೇ ಗೊತ್ತು, ಡಿ ಹುಡುಕಿ. ಇಲ್ಲಿ ಕೆಲವರು ಐದರಿಂದ ಒಂಬತ್ತರವರೆಗೆ ಬೆರಳು ಮಡಚಿ ಎಣಿಸಿ ಐದು ಅನ್ನುತ್ತಾರೆ. ಎಣಿಸಬೇಕಾದದ್ದು ಬೇಲಿಯ ಕಂಬಗಳನ್ನಲ್ಲ, ಕಂಬಗಳ ನಡುವಿನ ಜಾಗವನ್ನು. ಒಂಬತ್ತರಲ್ಲಿ ಐದು ಕಳೆದರೆ ನಾಲ್ಕು ಹೆಜ್ಜೆ. ದುಡ್ಡು ಏರಿದ್ದು 72. ನಾಲ್ಕರಿಂದ ಭಾಗಿಸಿದರೆ 18. ಎರಡು ಸಮೀಕರಣ ಬರೆದು ಬಿಡಿಸುವ ದಾರಿಯೂ ಇದೆ, ಹೆಚ್ಚು ಅಂಕದ ಪ್ರಶ್ನೆಗೆ ಅದನ್ನೇ ಬರೆಯಿರಿ ಅನ್ನುತ್ತೇನೆ. ಆದರೆ ಉತ್ತರ ಸರಿಯಾ ಅಂತ ನೋಡಲು ಈ ದಾರಿ ಸಾಕು.

ಇಳಿಯುವ ಶ್ರೇಢಿ ಬಂದಾಗ ಮಕ್ಕಳ ಕೈ ತಡೆಯುತ್ತದೆ. 7ನೇ ಪದ (ಸಾಲಿನ ಏಳನೇ ಸಂಖ್ಯೆ) 40, 13ನೇ ಪದ 22 ಎಂದರೆ ದೊಡ್ಡದರಲ್ಲಿ ಚಿಕ್ಕದು ಕಳೆದು 3 ಅಂದುಬಿಡುತ್ತಾರೆ. ಯಾವುದು ದೊಡ್ಡದು ಅಂತ ನೋಡಲೇಬೇಡಿ, ಹಿಂದೆ ಬಂದ ಪದವನ್ನು ಮುಂದೆ ಬಂದ ಪದದಿಂದ ಕಳೆಯಿರಿ ಅನ್ನುತ್ತೇನೆ. 22ರಲ್ಲಿ 40 ಹೋದರೆ ಮೈನಸ್ 18. ಆರು ಹೆಜ್ಜೆಗೆ ಹಂಚಿದರೆ ಮೈನಸ್ 3.

ಎನ್‌ನೇ ಪದ 7 - 3ಎನ್ (ಎನ್ ಅಂದರೆ ಎಷ್ಟನೇ ಪದ ಅನ್ನುವ ಸಂಖ್ಯೆ) ಅಂತ ಕೊಟ್ಟಿದ್ದರೆ ಕೆಲಸವೇ ಇಲ್ಲ. ಎನ್ ಪಕ್ಕದ ಸಂಖ್ಯೆಯೇ ಡಿ, ಚಿಹ್ನೆ ಸಮೇತ. ಮೊತ್ತ ಕೊಟ್ಟಾಗ ಮಾತ್ರ ಹುಷಾರು. ಮೊದಲ ಒಂದು ಪದದ ಮೊತ್ತ 8, ಎರಡು ಪದಗಳ ಮೊತ್ತ 22 ಇದ್ದರೆ ಕಳೆದು ಸಿಗುವ 14 ಡಿ ಅಲ್ಲ, ಅದು ಎರಡನೇ ಪದ. ಅದರಲ್ಲಿ ಮತ್ತೆ 8 ಕಳೆಯಬೇಕು. ಆಗ ಡಿ 6.