ಮೂವತ್ತು ದಿನ, ಮೂವತ್ತು ಮುಖ, ಒಬ್ಬಳೇ ಜಡ್ಜ್

ಮೊದಲ ದಿನ ಐನ್‌ಸ್ಟೀನ್ ಬಿಡಿಸಿದೆ. ಒಂದು ಗಂಟೆ ಕೂತು, ಆ ಕೆದರಿದ ಕೂದಲನ್ನು ಎಳೆ ಎಳೆಯಾಗಿ ಎಳೆದು, ಮೀಸೆ ತುಂಬಿ, ಮಗಳ ಮುಂದೆ ಹಿಡಿದೆ. ಅವಳು ತಲೆ ವಾರೆ ಮಾಡಿ ನೋಡಿದಳು. "ಯಾರೋ ಅಜ್ಜಿ. ಅಜ್ಜಿಗೆ ಮೀಸೆ ಯಾಕಮ್ಮಾ?" ಅಂದಳು.

ಚಾಲೆಂಜ್ ಶುರುವಾಗಿದ್ದು ಹೀಗೆ. ದಿನಕ್ಕೊಂದು ಮುಖ, ಅದೂ ಹೆಸರಾಂತ ಮುಖ, ಮೂವತ್ತು ದಿನ. ಒಂದು ಮುಖಕ್ಕೆ ಒಂದೇ ಗಂಟೆ. ಬರೀ ಪೆನ್ಸಿಲ್. ಕೆಳಗೆ ಫೋಟೋ ಇಟ್ಟು ಗೆರೆ ತಿದ್ದುವ ಹಾಗಿಲ್ಲ, ಚೌಕದ ಗ್ರಿಡ್ ಹಾಕುವ ಹಾಗೂ ಇಲ್ಲ. ಮುಗಿದ ಮೇಲೆ ಹೆಸರು ಹೇಳದೆ ಮಗಳಿಗೆ ತೋರಿಸಬೇಕು. ಐದು ಎಣಿಸುವುದರೊಳಗೆ ಗುರುತು ಹಿಡಿದರೆ ಪುಟದ ಮೂಲೆಯಲ್ಲಿ ರೈಟು, ಇಲ್ಲದಿದ್ದರೆ ತಪ್ಪು. ಅವಳಿಗೆ ಹದಿನಾಲ್ಕು ವರ್ಷ, ಕರುಣೆ ಅನ್ನುವುದು ಇಲ್ಲ. ಇದಕ್ಕಿಂತ ಒಳ್ಳೆಯ ಜಡ್ಜ್ ಎಲ್ಲಿ ಸಿಗಬೇಕು?

ಪಟ್ಟಿಯನ್ನು ಅವಳಿಂದಲೇ ಆರಿಸಿದೆ. ಐವತ್ತು ಹೆಸರು ಬರೆದುಕೊಟ್ಟು, ಫೋಟೋ ನೋಡಿದರೆ ನಿನಗೆ ಖಂಡಿತ ಗೊತ್ತಾಗುವವರಿಗೆ ಮಾತ್ರ ಗುರುತು ಹಾಕು ಅಂದೆ. ಇದು ಮುಖ್ಯ. ಆಮೇಲೆ ಅವಳಿಗೆ ಗೊತ್ತಾಗದಿದ್ದರೆ ತಪ್ಪು ನನ್ನ ಕೈಯದ್ದೇ, ನೆಪ ಹೇಳುವಂತಿಲ್ಲ. ನಮ್ಮ ಚಿಕ್ಕಪ್ಪನ ಮುಖ ಬಿಡಿಸಿದರೆ ಸ್ವಲ್ಪ ಆಚೀಚೆ ಆದರೂ "ಚೆನ್ನಾಗಿದೆ" ಅಂತ ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಹೆಸರಾಂತ ಮುಖ ಹಾಗಲ್ಲ. ನೋಡುವ ಪ್ರತಿಯೊಬ್ಬರ ತಲೆಯಲ್ಲೂ ಅದರದ್ದೊಂದು ಪ್ರತಿ ಇರುತ್ತದೆ.

ಮೊದಲ ವಾರ ನನಗೆ ಬಂದ ರೈಟುಗಳು ಎರಡೇ. ಚಾಪ್ಲಿನ್ ಮತ್ತು ಗಾಂಧೀಜಿ. ಕುಣಿದಾಡಿದೆ. ಆಮೇಲೆ ಸುಮ್ನೆ ಒಂದು ಅನುಮಾನ ಬಂತು. ಚಾಪ್ಲಿನ್ ಚಿತ್ರದಲ್ಲಿ ಟೋಪಿ ಮತ್ತು ಆ ತುಂಡು ಮೀಸೆಯನ್ನು ಬೆರಳಿಂದ ಮುಚ್ಚಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ! ಯಾರದ್ದೋ ಒಂದು ಸಪ್ಪೆ ಮುಖ. ಆ ಮೀಸೆ ಸಿನಿಮಾಕ್ಕಾಗಿ ಅಂಟಿಸಿಕೊಂಡದ್ದೇ. ಮೀಸೆ ಇಲ್ಲದ ಚಾಪ್ಲಿನ್ ಫೋಟೋ ಹುಡುಕಿ ತೋರಿಸಿದರೆ ಮಗಳಿಗೂ ಗೊತ್ತಾಗಲಿಲ್ಲ. ಲಿಂಕನ್ ಕತೆಯೂ ಅದೇ. 1860ರಲ್ಲಿ ಗ್ರೇಸ್ ಬೆಡೆಲ್ ಎಂಬ 11 ವರ್ಷದ ಹುಡುಗಿ, ಮುಖ ತುಂಬ ತೆಳ್ಳಗಿದೆ, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ ಎಂದು ಲಿಂಕನ್‌ಗೆ ಕಾಗದ ಬರೆದಿದ್ದಳು. ಆತ ಗಡ್ಡ ಬಿಟ್ಟಿದ್ದು ಅದಾದ ಮೇಲೆ. ಗಡ್ಡಕ್ಕೆ ಮುಂಚಿನ ಫೋಟೋ ನೋಡಿ ಬಿಡಿಸಿ ನೋಡಿ, ಯಾರೂ ಹೆಸರು ಹೇಳುವುದಿಲ್ಲ.

ಹಾಗಾಗಿ ಮಗಳೂ ನಾನೂ ಕೂತು ಇನ್ನೊಂದು ನಿಯಮ ಸೇರಿಸಿದೆವು. ಟೋಪಿ, ಕನ್ನಡಕ, ಅಂಟಿಸಿದ ಮೀಸೆಯಿಂದ ಬಂದ ರೈಟು ಅರ್ಧ ರೈಟು. ಅವಳು ಅದಕ್ಕೆ "ವೇಷದ ಮಾರ್ಕ್ಸ್" ಅಂತ ಹೆಸರಿಟ್ಟಳು.

ಇನ್ನು ನಿಜವಾದ ಕೆಲಸ. ಎಲ್ಲ ಹೊಸಬರ ಹಾಗೆ ನಾನೂ ಕಣ್ಣನ್ನು ತುಂಬ ಮೇಲೆ ಇಡುತ್ತಿದ್ದೆ. ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣು ಇರುವುದು ಸರಿಯಾಗಿ ಅರ್ಧದಲ್ಲಿ. ನಂಬಿಕೆ ಬರದಿದ್ದರೆ ಕನ್ನಡಿ ಮುಂದೆ ನಿಂತು ಪೆನ್ಸಿಲ್ ಹಿಡಿದು ಅಳೆಯಿರಿ. ನಾವು ಮುಖ ಅಂದಾಗ ಕಣ್ಣು ಮೂಗು ಬಾಯಿಯನ್ನಷ್ಟೇ ನೋಡುತ್ತೇವೆ, ಹಣೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ಕೈ ತಾನಾಗಿ ಹಣೆಯನ್ನು ಕತ್ತರಿಸಿಬಿಡುತ್ತದೆ. ಎದುರಿನಿಂದ ನೋಡಿದರೆ ತಲೆಯ ಅಗಲ ಸುಮಾರು ಐದು ಕಣ್ಣುಗಳಷ್ಟು. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದ ಮಟ್ಟದವರೆಗೆ. ತಲೆ ತಿರುಗಿಸಿರುವ ಫೋಟೋಗಳಿಗೆ ಆಂಡ್ರ್ಯೂ ಲೂಮಿಸ್ ಎಂಬ ಅಮೆರಿಕದ ಚಿತ್ರಕಾರನ ವಿಧಾನ ಹಿಡಿದೆ. ಮೊದಲು ಒಂದು ಚೆಂಡು, ಅದರ ಎರಡೂ ಬದಿ ಸವರಿದ ಹಾಗೆ ಚಪ್ಪಟೆ, ಕೆಳಗೆ ದವಡೆ.

ಈ ಅಳತೆಗಳನ್ನೆಲ್ಲ ಪಾಲಿಸಿ ಎಂಟನೆಯ ದಿನ ಡಾ. ರಾಜ್‌ಕುಮಾರ್ ಬಿಡಿಸಿದೆ. ಅಚ್ಚುಕಟ್ಟಾದ ಮುಖ ಬಂತು. ಅಣ್ಣಾವ್ರು ಮಾತ್ರ ಬರಲಿಲ್ಲ. ಫೋಟೋ ಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ನಾನು ಆ ಮೂಗನ್ನು ಚಿಕ್ಕದು ಮಾಡಿಬಿಟ್ಟಿದ್ದೆ. ಬೇಕು ಅಂತಲ್ಲ. ದೊಡ್ಡವರ ಮೂಗನ್ನು ಅಷ್ಟು ಉದ್ದ ಎಳೆಯಲು ಕೈ ಹಿಂಜರಿದಿತ್ತು, ಮರ್ಯಾದೆಯಿಂದ! ನೋಡಿದವರೆಲ್ಲ ಪ್ರೀತಿಸಿದ್ದೇ ಆ ಮೂಗಿನ ಮುಖವನ್ನಲ್ವಾ? ಮರುದಿನ ಅದೇ ಫೋಟೋ ಇಟ್ಟುಕೊಂಡು, ಹುಬ್ಬಿನಿಂದ ಮೂಗಿನ ತುದಿಗೆ ಎಷ್ಟು, ತುದಿಯಿಂದ ಗದ್ದಕ್ಕೆ ಎಷ್ಟು ಅಂತ ಪೆನ್ಸಿಲ್‌ನಲ್ಲಿ ಅಳೆದು, ಇದ್ದಷ್ಟೇ ಇಟ್ಟೆ. ಎರಡು ಎಣಿಸುವುದರೊಳಗೆ ಹೆಸರು ಬಂತು.

ಅಂದಿನಿಂದ ಸಾಮಾನ್ಯ ಅಳತೆಗಳನ್ನು ಬೇರೆ ಥರ ಬಳಸತೊಡಗಿದೆ. ಈ ಮುಖ ಆ ಲೆಕ್ಕವನ್ನು ಎಲ್ಲೆಲ್ಲಿ ತಪ್ಪಿಸುತ್ತದೆ ಅಂತ ಮೊದಲು ಹುಡುಕುವುದು. ಫೋಟೋ ನೋಡುತ್ತಾ ಮೂರು ಮಾತು ಪುಟದ ಅಂಚಿನಲ್ಲಿ ಬರೆಯುತ್ತಿದ್ದೆ: "ಕಣ್ಣುಗಳ ನಡುವೆ ಜಾಗ ಜಾಸ್ತಿ", "ಮೇಲ್ತುಟಿ ಇಲ್ಲವೇ ಇಲ್ಲ", "ಒಂದು ಹುಬ್ಬು ಮೇಲೆ". ವ್ಯಂಗ್ಯಚಿತ್ರಕಾರರು ಇದನ್ನೇ ನಾಲ್ಕು ಪಟ್ಟು ಹಿಗ್ಗಿಸುತ್ತಾರೆ. ನನಗೆ ಬೇಕಿದ್ದದ್ದು ಕುಗ್ಗಿಸದೆ ಇರುವುದಷ್ಟೇ.

ಇದರ ದೊಡ್ಡ ಪರೀಕ್ಷೆ ಗಡ್ಡದವರದ್ದು. ಟ್ಯಾಗೋರ್, ಟಾಲ್‌ಸ್ಟಾಯ್, ಡಾರ್ವಿನ್, ಮೂವರನ್ನೂ ಒಂದೇ ವಾರದಲ್ಲಿ ಹಾಕಿಕೊಂಡಿದ್ದು ನನ್ನ ದಡ್ಡತನ. ಡಾರ್ವಿನ್ ತೋರಿಸಿದರೆ "ಟ್ಯಾಗೋರ್" ಅಂದಳು. ಟಾಲ್‌ಸ್ಟಾಯ್ ತೋರಿಸಿದರೆ "ಮತ್ತೆ ಟ್ಯಾಗೋರಾ?" ಅಂದಳು. ಗಡ್ಡ ಎಲ್ಲವನ್ನೂ ನುಂಗಿಹಾಕುತ್ತದೆ, ಉಳಿಯುವುದು ಮೂಗು ಮತ್ತು ಹುಬ್ಬಿನ ಮೂಳೆ. ಟ್ಯಾಗೋರ್ ಮೂಗು ಉದ್ದ, ನೇರ. ಡಾರ್ವಿನ್‌ನದ್ದು ತುದಿಯಲ್ಲಿ ದಪ್ಪ, ಮೇಲೆ ಮಾಡಿನ ಸೂರಿನ ಹಾಗೆ ಚಾಚಿದ ಹುಬ್ಬು, ಅದರ ನೆರಳಲ್ಲಿ ಮುಳುಗಿದ ಕಣ್ಣು. ಆ ಮೂಗಿಗೆ ಚರಿತ್ರೆಯೂ ಇದೆ. 1831ರಲ್ಲಿ ಬೀಗಲ್ ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್, ಇಂಥ ಮೂಗಿನವನಿಗೆ ಇಷ್ಟು ದೂರದ ಪ್ರಯಾಣಕ್ಕೆ ಬೇಕಾದ ಛಲ ಇರುತ್ತದೋ ಇಲ್ಲವೋ ಅಂತ ಅನುಮಾನ ಪಟ್ಟಿದ್ದನಂತೆ. ಡಾರ್ವಿನ್ ತಾನೇ ಅದನ್ನು ಬರೆದಿಟ್ಟಿದ್ದಾನೆ. ಆ ಮೂಗನ್ನು ಸರಿಯಾಗಿ ಇಟ್ಟ ದಿನ ಗಡ್ಡವನ್ನು ನಾಲ್ಕೇ ಗೆರೆಯಲ್ಲಿ ಮುಗಿಸಿದೆ. ರೈಟು ಬಿತ್ತು.

ಹುಬ್ಬಿನ ವಿಷಯಕ್ಕೆ ಬಂದೆ, ಒಂದು ಮಾತು ಹೇಳಲೇಬೇಕು. ನಾನು ಮೊದಲೆಲ್ಲ ಕಣ್ಣಿಗೆ ಅರ್ಧ ಗಂಟೆ ಕೊಟ್ಟು, ಹುಬ್ಬನ್ನು ಕೊನೆಯಲ್ಲಿ ಎರಡು ಗೀಟು ಎಳೆದು ಮುಗಿಸುತ್ತಿದ್ದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಹೆಸರಾಂತ ಜನರ ಫೋಟೋಗಳಲ್ಲಿ ಒಮ್ಮೆ ಕಣ್ಣು ಅಳಿಸಿ, ಒಮ್ಮೆ ಹುಬ್ಬು ಅಳಿಸಿ ತೋರಿಸಿದ್ದರು. ಕಣ್ಣಿಲ್ಲದ ಮುಖಗಳಿಗಿಂತ ಹುಬ್ಬಿಲ್ಲದ ಮುಖಗಳನ್ನು ಗುರುತು ಹಿಡಿಯುವುದೇ ಜನರಿಗೆ ಕಷ್ಟವಾಯಿತು! ಓದಿದಾಗ ನಂಬಲಿಲ್ಲ. ನನ್ನದೇ ಚಿತ್ರಗಳಲ್ಲಿ ರಬ್ಬರ್ ಹಿಡಿದು ಹುಬ್ಬು ಅಳಿಸಿ ನೋಡಿದೆ. ರೈಟು ಬಿದ್ದಿದ್ದ ಎರಡು ಮುಖ ಅಲ್ಲಲ್ಲೇ ಸತ್ತುಹೋದವು. ಈಗ ಹುಬ್ಬನ್ನು ಮೊದಲು ಇಡುತ್ತೇನೆ. ಅದು ಎಲ್ಲಿ ಶುರು, ಎಲ್ಲಿ ಬಾಗು, ಕಣ್ಣಿನಿಂದ ಎಷ್ಟು ಮೇಲೆ. ಮೆಕ್ಸಿಕೊದ ಚಿತ್ರಕಾರ್ತಿ ಫ್ರಿಡಾ ಕಾಹ್ಲೋಗೆ ಮಾತ್ರ ಇದು ವೇಷದ ಮಾರ್ಕ್ಸ್ ಅಂತ ಜಡ್ಜ್ ಹಟ ಹಿಡಿದಳು. ಕೂಡಿಕೊಂಡ ಆ ಹುಬ್ಬು ಹಾಕಿದರೆ ಯಾರು ಬಿಡಿಸಿದರೂ ಗೊತ್ತಾಗುತ್ತದೆ, ನಿನ್ನದೇನು ದೊಡ್ಡಸ್ತಿಕೆ ಅಂದಳು. ಅರ್ಧ ರೈಟಿಗೆ ಒಪ್ಪಿಕೊಂಡೆ.

ಫೋಟೋ ತಲೆಕೆಳಗು ಇಟ್ಟು ಬಿಡಿಸುವ ಹಳೆಯ ಉಪಾಯವನ್ನೂ ಮಾಡಿದೆ. ಮುಖ ತಲೆಕೆಳಗಾದಾಗ ಅದು ಮುಖ ಅನ್ನಿಸುವುದಿಲ್ಲ, ಬರೀ ಆಕಾರಗಳು ಕಾಣುತ್ತವೆ. ಕೈಗೆ ಗೊತ್ತಿರುವ "ಕಣ್ಣು" ಬರೆಯುವ ಬದಲು ಎದುರಿಗೆ ಇರುವ ಆಕಾರ ಬರೆಯುತ್ತೇವೆ. ತುಟಿ, ಮೂಗಿನ ಹೊಳ್ಳೆ ಅಷ್ಟು ಚೆನ್ನಾಗಿ ನನಗೆ ಯಾವತ್ತೂ ಬಂದಿರಲಿಲ್ಲ. ಖುಷಿಯಿಂದ ನೆಟ್ಟಗೆ ತಿರುಗಿಸಿದೆ. ಬಾಯಿ ಒಂದು ಕಡೆ ಜಾರಿಕೊಂಡು ಕೂತಿತ್ತು, ಒಂದು ಕಣ್ಣು ಸೊಟ್ಟ. ಬಿಡಿಸುವಾಗ ಒಂದು ಗಂಟೆ ನೋಡಿದ್ದರೂ ಇದು ಕಂಡಿರಲಿಲ್ಲ.

ಅದಕ್ಕೆ ಕಾರಣವೂ ಒಂದು ಹೆಸರಾಂತ ಮುಖದಿಂದಲೇ ಜನಕ್ಕೆ ಗೊತ್ತಾಗಿದ್ದು. 1980ರಲ್ಲಿ ಪೀಟರ್ ಥಾಂಪ್ಸನ್ ಎಂಬುವರು ಬ್ರಿಟನ್ನಿನ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಫೋಟೋದಲ್ಲಿ ಕಣ್ಣು ಮತ್ತು ಬಾಯಿಯನ್ನು ಮಾತ್ರ ಕತ್ತರಿಸಿ ತಲೆಕೆಳಗು ಅಂಟಿಸಿದರು. ಇಡೀ ಫೋಟೋವನ್ನು ತಲೆಕೆಳಗಾಗಿ ನೋಡಿದರೆ ಏನೂ ತಪ್ಪು ಕಾಣುವುದಿಲ್ಲ. ನೆಟ್ಟಗೆ ತಿರುಗಿಸಿದರೆ ಬೆಚ್ಚಿಬೀಳುತ್ತೀರಿ. ಅಂದರೆ ತಲೆಕೆಳಗಾದ ಮುಖದಲ್ಲಿ ಬಿಡಿ ಬಿಡಿ ಆಕಾರ ಚೆನ್ನಾಗಿ ಕಾಣುತ್ತದೆ, ಒಂದಕ್ಕೊಂದು ಹೊಂದಿದೆಯೋ ಇಲ್ಲವೋ ಕಾಣುವುದಿಲ್ಲ. ಹಾಗಾಗಿ ತಲೆಕೆಳಗು ಬಿಡಿಸಿ, ಆದರೆ ಹತ್ತು ನಿಮಿಷಕ್ಕೊಮ್ಮೆ ನೆಟ್ಟಗೆ ತಿರುಗಿಸಿ ನೋಡಿ. ನೆಟ್ಟಗೆ ನೋಡಿದರೂ ಕಾಣದ ತಪ್ಪಿಗೆ ಕನ್ನಡಿ ಇದೆ. ಚಿತ್ರವನ್ನು ಕನ್ನಡಿಯಲ್ಲಿ ನೋಡಿದ ಮೊದಲ ದಿನ ನನ್ನ ಮುಖಗಳೆಲ್ಲ ಒಂದೇ ಕಡೆ ವಾಲಿರುವುದು ಗೊತ್ತಾಯಿತು. ಹನ್ನೆರಡು ದಿನ ಅದನ್ನು ನೋಡಿಯೇ ಇರಲಿಲ್ಲ.

ನೆರಳಿನ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ತಡವಾಗಿ. ಔಟ್‌ಲೈನ್ ಎಳೆದು ಆಮೇಲೆ ಒಳಗೆ ಶೇಡಿಂಗ್ ತುಂಬುವುದು ನನ್ನ ಅಭ್ಯಾಸ. 1973ರಲ್ಲಿ ಲಿಯಾನ್ ಹಾರ್ಮನ್ ಎಂಬುವರು ಲಿಂಕನ್ ಮುಖವನ್ನು ಕೆಲವೇ ನೂರು ಬೂದು ಚೌಕಗಳಾಗಿ ಮಾಡಿ ತೋರಿಸಿದ್ದರು. ಹತ್ತಿರದಿಂದ ಅದು ಬರೀ ಚೌಕಗಳು. ಕಣ್ಣು ಕಿರಿದು ಮಾಡಿದರೆ ಲಿಂಕನ್. ಕಣ್ಣಿಲ್ಲ, ಹುಬ್ಬಿನ ಕೂದಲಿಲ್ಲ, ಒಂದು ಗೆರೆಯೂ ಇಲ್ಲ, ಆದರೂ ಆತನೇ. ಅದನ್ನು ನೋಡಿದ ಮೇಲೆ ಗಂಟೆಯನ್ನು ಬೇರೆ ಥರ ಹಂಚಿದೆ. ಮೊದಲ ಕಾಲು ಗಂಟೆ ಕಣ್ಣು ಕಿರಿದು ಮಾಡಿಕೊಂಡು, ಕಪ್ಪು ಎಲ್ಲಿ, ಬಿಳಿ ಎಲ್ಲಿ ಅಂತ ಅಷ್ಟೇ. ಪೆನ್ಸಿಲ್ ಮಲಗಿಸಿ ಹಿಡಿದು ನೆರಳಿನ ತೇಪೆಗಳನ್ನು ಹಾಕುವುದು. ಆ ಹಂತದಲ್ಲೇ ಮೂರು ಮೀಟರ್ ದೂರದಿಂದ ಆ ವ್ಯಕ್ತಿ ಕಾಣದಿದ್ದರೆ, ಆಮೇಲೆ ರೆಪ್ಪೆ ಕೂದಲು ಎಳೆದು ಏನೂ ಪ್ರಯೋಜನವಿಲ್ಲ. ಅಳಿಸಿ ಮತ್ತೆ ಶುರು.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಚ್‌ಬಿ, 2ಬಿ, 4ಬಿ ಪೆನ್ಸಿಲ್ ಸಾಕು (ಬಿ ಮುಂದಿನ ಅಂಕಿ ಹೆಚ್ಚಿದಷ್ಟೂ ಮೆದು, ಕಪ್ಪು), 6ಬಿ ಕೊನೆಯ ಐದು ನಿಮಿಷಕ್ಕೆ. ಒತ್ತಿ ಒತ್ತಿ ಕಪ್ಪು ಮಾಡಿದರೆ ಪೆನ್ಸಿಲ್ ಹೊಳೆಯುತ್ತದೆ, ಕಪ್ಪಾಗುವುದಿಲ್ಲ. ಬೆರಳಿನಿಂದ ಉಜ್ಜಬೇಡಿ, ಚರ್ಮದ ಎಣ್ಣೆ ಹತ್ತಿ ಕಾಗದ ಕೊಳೆಯಾಗುತ್ತದೆ. ಹಿಟ್ಟಿನ ಹಾಗೆ ನಾದಬಹುದಾದ ರಬ್ಬರ್ ಒಂದಿರಲಿ, ಮೂಗಿನ ತುದಿಯ ಹೊಳಪನ್ನು ಅದರಿಂದ ಒತ್ತಿ ಎತ್ತಬಹುದು. ಇನ್ನೊಂದು: ಕಣ್ಣಿನ ಬಿಳಿ ಭಾಗ ಬಿಳಿ ಅಲ್ಲ. ರೆಪ್ಪೆಯ ನೆರಳು ಬಿದ್ದು ಅದು ಬೂದು. ಬಿಳಿ ಬಿಟ್ಟರೆ ಎಲ್ಲರೂ ದೆವ್ವ ಕಂಡವರ ಹಾಗೆ ಕಾಣುತ್ತಾರೆ. ಹಲ್ಲಿಗೂ ಅಷ್ಟೇ, ಒಂದೊಂದು ಹಲ್ಲಿನ ನಡುವೆ ಗೆರೆ ಎಳೆದರೆ ಬಾಯಿ ಬೇಲಿಯಾಗುತ್ತದೆ.

ಫೋಟೋ ಆರಿಸುವುದು ಅರ್ಧ ಕೆಲಸ. ಎದುರಿನಿಂದ ಫ್ಲಾಶ್ ಬಿದ್ದ ಫೋಟೋದಲ್ಲಿ ನೆರಳೇ ಇರುವುದಿಲ್ಲ, ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ತೀರಾ ಹತ್ತಿರದಿಂದ ತೆಗೆದದ್ದರಲ್ಲಿ ಮೂಗು ಊದಿ ಕಿವಿ ಹಿಂದಕ್ಕೆ ಸರಿದಿರುತ್ತದೆ. ನನಗೆ ಸಿಕ್ಕ ಅತಿ ಒಳ್ಳೆಯದು ಯೂಸುಫ್ ಕಾರ್ಷ್ 1941ರ ಡಿಸೆಂಬರ್ 30ರಂದು ತೆಗೆದ ಚರ್ಚಿಲ್ ಫೋಟೋ. ಬಾಯಿಯ ಚುಟ್ಟಾ ಕಿತ್ತುಕೊಂಡ ಕೂಡಲೇ ಕ್ಲಿಕ್ಕಿಸಿದ್ದು. ಆ ಸಿಡುಕು ತುಟಿಯ ಮೂಲೆಯಲ್ಲಿ, ಹುಬ್ಬಿನ ನಡುವೆ ಹಾಗೇ ಉಳಿದಿದೆ. ಎಲ್ಲ ನೆರಳೂ ತಾನಾಗಿ ಬಂದು ಕೂತಿತು.

ಉಲ್ಟಾ ಅನುಭವ ಹಾಲಿವುಡ್ ನಟಿ ಆಡ್ರೆ ಹೆಪ್‌ಬರ್ನ್. ನುಣುಪಾದ ಎಳೆಯ ಮುಖದಲ್ಲಿ ಎಳೆದ ಪ್ರತಿ ಗೆರೆಯೂ ಹತ್ತು ವರ್ಷ ಸೇರಿಸುತ್ತದೆ. ಮೂಗಿನ ಪಕ್ಕದಿಂದ ತುಟಿಗೆ ಬರುವ ಮಡಿಕೆಯನ್ನು ಸ್ವಲ್ಪ ಗಾಢ ಮಾಡಿದೆ, ಅಷ್ಟೇ. "ಇದು ಗಂಡಸಾ?" ಅಂತ ಬಂತು. ಮರುದಿನ ಮದರ್ ತೆರೇಸಾ ಬಿಡಿಸಿ ಸಮಾಧಾನ ಮಾಡಿಕೊಂಡೆ. ಸುಕ್ಕುಗಳು ದಾರಿ ತೋರಿಸುತ್ತವೆ. ಆದರೆ ಅಲ್ಲೂ ಸುಕ್ಕನ್ನು ಗೆರೆಯಾಗಿ ಎಳೆಯದೆ, ಒಂದು ಬದಿ ಕಪ್ಪು ಇನ್ನೊಂದು ಬದಿ ಮೆಲ್ಲಗೆ ಮಾಸುವ ಹಾಗೆ ಮಾಡಬೇಕು.

ಹತ್ತೊಂಬತ್ತು, ಇಪ್ಪತ್ತನೇ ದಿನ ಪೆನ್ಸಿಲ್ ಮುಟ್ಟಲಿಲ್ಲ. ಬೇಜಾರು. ಇಪ್ಪತ್ತೊಂದನೇ ದಿನ ಒಂದೇ ಸಲಕ್ಕೆ ಮೂರು ಮುಖ ಮಾಡಿ ಲೆಕ್ಕ ಸರಿಮಾಡಿದೆ. ಮೂರಕ್ಕೂ ತಪ್ಪು. ಇಪ್ಪತ್ತಾರಕ್ಕೆ ಮತ್ತೆ ಐನ್‌ಸ್ಟೀನ್, ಈ ಸಲ ನಾಲಿಗೆ ಚಾಚಿದ ಆ ಫೋಟೋ, 1951ರ ಮಾರ್ಚ್ 14ರದ್ದು, ಅವರ 72ನೇ ಹುಟ್ಟುಹಬ್ಬದ ದಿನ ತೆಗೆದದ್ದು. ಕ್ಷಣದಲ್ಲಿ ಗೊತ್ತಾಯಿತು. ಜಡ್ಜ್ ಅರ್ಧವೇ ಕೊಟ್ಟಳು. ಅದು ನಾಲಿಗೆಯ ಗೆಲುವಂತೆ.

ಲೆಕ್ಕ ಹಾಕಿದರೆ ಮೊದಲ ಹತ್ತರಲ್ಲಿ ಮೂರು ಗುರುತು ಸಿಕ್ಕಿತ್ತು, ಅದರಲ್ಲಿ ಎರಡು ವೇಷದವು. ನಡುವಿನ ಹತ್ತರಲ್ಲಿ ಐದು. ಕೊನೆಯ ಹತ್ತರಲ್ಲಿ ಕೊನೆಯ ಮುಖ ಬಿಟ್ಟು ಆರು.

ಮೂವತ್ತನೇ ದಿನ ಮೂರನೇ ಸಲ ಐನ್‌ಸ್ಟೀನ್. ಕೂದಲು ಬಿಟ್ಟೆ, ನಾಲಿಗೆ ಬಿಟ್ಟೆ, ಮೀಸೆಯನ್ನೂ ಬಿಟ್ಟೆ. ಹಣೆಯ ಸುಕ್ಕಿನಿಂದ ಮೂಗಿನ ತುದಿಯವರೆಗೆ ಮಾತ್ರ. ನಡುವಿನಲ್ಲಿ ಮೇಲೆದ್ದು ಹೊರತುದಿಗೆ ಇಳಿಯುವ ಹುಬ್ಬು, ಮೇಲಿನ ರೆಪ್ಪೆಯ ಮೇಲೆ ಇಳಿಬಿದ್ದ ಚರ್ಮ, ಕಣ್ಣಿನ ಕೆಳಗಿನ ಚೀಲ. ಮಗಳು ಪುಸ್ತಕ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಒಂದು, ಎರಡು, ಮೂರು.

"ಐನ್‌ಸ್ಟೀನ್" ಅಂದಳು. ಆಮೇಲೆ ಇನ್ನೂ ಸ್ವಲ್ಪ ಹೊತ್ತು ನೋಡಿ, "ಎಡಗಣ್ಣು ಒಂಚೂರು ಮೇಲಿದೆ ಅಲ್ವಾ?"

ಕನ್ನಡಿ ತಂದು ಹಿಡಿದು ನೋಡಿದೆ. ಹೌದು, ಮೇಲಿತ್ತು. ರಬ್ಬರ್ ಎಲ್ಲಿ ಅಂತ ಕೇಳಿದೆ. ಅವಳ ಕೈಯಲ್ಲೇ ಇತ್ತು.